ಸ್ತೋತ್ರಪಾ

ಬೆಟಗೇರಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲಕಿ ನಿವೃತ್ತ ನರ್ಸು. ಓಣಿಯವರೆಲ್ಲ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಆ ಮನೆಗೆ ಬಂದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಎದುರಾದಾಗ ‘ಆರಾಮ ಅದೀರಿ ಆಯಿ?’ ಅಂದೆ. ‘ಸ್ತೋತ್ರಪಾ’ ಅಂದರು. ‘ಯಾವ ಸ್ತೋತ್ರರೀ?’ ಎಂದು ಕೇಳುವಷ್ಟು ಪೆದ್ದ ನಾನು. ನಮ್ಮ ಮನೆಯಲ್ಲಿ ಸ್ತೋತ್ರ ಅಂದಮೇಲೆ ಅದು ವಿಷ್ಣುವಿನದೋ ಶಿವನದೋ ಲಕ್ಷ್ಮಿಯದೋ ಆಗಿರಲೇಬೇಕು. ಮಿಂದು ಮಡಿಯುಟ್ಟು, ಮೊದಲಿನಿಂದ ಕೊನೆಯವರೆಗೆ ತಪ್ಪಿಲ್ಲದೆ ಹೇಳಬೇಕು. ಕೊನೆಗೆ ಹೇಳಿದವರಿಗೆ ಏನೇನು ಸಿಗುತ್ತದೆಂಬ ಫಲಶ್ರುತಿ. ಆಯಿಯ ಸ್ತೋತ್ರದಲ್ಲಿ ಪದವೇ ಒಂದು, ಫಲಶ್ರುತಿಯಂತೂ ಇಲ್ಲವೇ ಇಲ್ಲ.

ಆಮೇಲೆ ಕಿವಿಗೊಟ್ಟು ಕೇಳತೊಡಗಿದೆ. ಎಂಟು ದಿನಕ್ಕೆ ನಳ ಬಂತು, ಸ್ತೋತ್ರ. ಪಿಂಚಣಿ ಬಂತು, ಸ್ತೋತ್ರ. ಫೋನ್ ಎತ್ತಿದಾಗ ಹಲೋ ಬದಲು ಅದೇ, ಇಡುವಾಗಲೂ ಅದೇ. ಮೊಮ್ಮಗಳು ಪಾಸಾದಾಗ ಲಕೋಟೆಯಲ್ಲಿ ಹಾಕಿ ಚರ್ಚಿಗೆ ಕೊಟ್ಟ ದುಡ್ಡು ಸ್ತೋತ್ರ ಕಾಣಿಕೆ. ಒಂದು ಮಳೆಗಾಲ ಹಿತ್ತಲ ಗೋಡೆ ಕುಸಿಯಿತು. ಓಡಿಹೋಗಿ ನೋಡಿದರೆ ಆಯಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣ್ಣಲ್ಲಿ ನಿಂತಿದ್ದರು. ‘ಗ್ವಾಡಿ ಬಿತ್ತಲ್ರೀ!’ ಅಂದೆ. ‘ಬಿತ್ತಪಾ. ಖೋಲಿ ಉಳೀತು. ಸ್ತೋತ್ರ.’ ಹೇಳಿ, ಬುಟ್ಟಿ ನನ್ನ ಕೈಗೆ ಕೊಟ್ಟರು.

ಈ ಪದ ಸಂಸ್ಕೃತದ ‘ಸ್ತು’ ಧಾತುವಿನಿಂದ ಬಂದದ್ದು, ಹೊಗಳು ಎಂದರ್ಥ. ಚರ್ಚಿನವರ ಬಾಯಿಗೆ ಬಂದ ಕತೆ ಬೇರೆ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದ. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅಲ್ಲಿಂದ ಧಾರವಾಡ, ಹುಬ್ಬಳ್ಳಿ, ಬೆಟಗೇರಿ. ಅವರಿಗೆಲ್ಲ ಇದ್ದ ತಾಪತ್ರಯ ಒಂದೇ: ಬೇಕಾದ ಪ್ರತಿ ಮಾತಿಗೂ ಆಗಲೇ ಬೇರೊಬ್ಬ ಯಜಮಾನ. ದೇವರು, ಪಾಪ, ಕೃಪೆ, ರಕ್ಷಣೆ ಎಲ್ಲವೂ ಗುಡಿ ಮಠಗಳಲ್ಲಿ ದುಡಿದು ಬಂದ ಪದಗಳು. ಹಾಗೆ ಬಂದವುಗಳಲ್ಲಿ ಸ್ತೋತ್ರದಷ್ಟು ಸಲೀಸಾಗಿ ಮಡಿ ಬಿಟ್ಟದ್ದು ಮತ್ತೊಂದಿಲ್ಲ ಅಂತ ನನ್ನ ಅನಿಸಿಕೆ. ಗ್ರಂಥದಿಂದ ಎದ್ದು ಅಡುಗೆಮನೆಗೆ, ಬಸ್ ಸ್ಟ್ಯಾಂಡಿಗೆ ಬಂತು. ತಮಿಳು, ತೆಲುಗು, ಮಲಯಾಳದ ಕ್ರೈಸ್ತರ ಬಾಯಲ್ಲೂ ಇದೇ ಪದ ನಮಸ್ಕಾರವಾಗಿ, ಉದ್ಗಾರವಾಗಿ ಓಡಾಡಿಕೊಂಡಿದೆ.

ಅಂದಹಾಗೆ, ಥ್ಯಾಂಕ್ಸ್ ಎನ್ನಲು ಹಳೆಯ ಆಡುಗನ್ನಡದಲ್ಲಿ ನೇರ ಮಾತೇ ಇಲ್ಲ. ಧನ್ಯವಾದ ವೇದಿಕೆಯದು. ನಮ್ಮಜ್ಜಿಗೆ ಯಾರಾದರೂ ಉಪಕಾರ ಮಾಡಿದರೆ ‘ನಿನ್ನ ಹೊಟ್ಟಿ ತಣ್ಣಗಿರಲಿ’ ಅನ್ನುತ್ತಿದ್ದಳು. ಮಂಗಳೂರಿನ ಕೊಂಕಣಿ ಕ್ಯಾಥೊಲಿಕರ ‘ದೇವ್ ಬರೆಂ ಕರುಂ’ ಕೂಡ ದೇವರು ಒಳ್ಳೇದು ಮಾಡಲಿ ಎಂಬ ಹಾರೈಕೆಯೇ. ಋಣವನ್ನು ಕೈಯಾರೆ ತೀರಿಸಲಾರೆ, ಮೇಲಿನವನ ಲೆಕ್ಕಕ್ಕೆ ಬರೆದುಕೋ ಅಂದಹಾಗೆ.

ಹೀಬ್ರೂವಿನಲ್ಲಿ ಹೊಗಳಿಕೆಗೂ ಕೃತಜ್ಞತೆಗೂ ಹೊಂದುವ ಒಂದು ಕ್ರಿಯಾಪದವಿದೆ. ಅದರ ಮೇಲೆ ಮಗನಿಗೆ ಹೆಸರಿಟ್ಟವಳು ಬೈಬಲ್ಲಿನ ಲೇಯಾ. ಯಾಕೋಬ ಮನಸ್ಸಿಟ್ಟದ್ದು ಅವಳ ತಂಗಿ ರಾಹೇಲಳ ಮೇಲೆ. ಮಾವ ಮೋಸದಿಂದ ಅಕ್ಕನನ್ನು ಕಟ್ಟಿದ. ಲೇಯಾಳ ಮೊದಲ ಮೂರು ಮಕ್ಕಳ ಹೆಸರಿನಲ್ಲೂ ಅವಳ ಸಂಕಟವಿದೆ: ದೇವರು ನನ್ನ ದುಃಖ ಕಂಡ, ನನ್ನ ಮೊರೆ ಕೇಳಿದ, ಇನ್ನಾದರೂ ಗಂಡ ನನ್ನ ಕಡೆಗಾದಾನು. ನಾಲ್ಕನೆಯವನಿಗೆ ಯೆಹೂದ ಎಂದಳು, ಈ ಸಲ ದೇವರನ್ನು ಕೊಂಡಾಡುತ್ತೇನೆ ಎಂದು. ಗಂಡ ಬದಲಾದನೇ? ಕತೆಯಲ್ಲಿ ಹಾಗೇನೂ ಇಲ್ಲ. ಆದರೆ ಒಂದಿಡೀ ಜನಾಂಗ ಇವತ್ತಿಗೂ ಹೊತ್ತಿರುವುದು ಆ ನಾಲ್ಕನೆಯವನ ಹೆಸರನ್ನೇ.

ಇನ್ನು ವ್ಯಾಕರಣ. ನನಗೆ ಮೊದಲಿನಿಂದಲೂ ವಿಭಕ್ತಿಗಳ ಹುಚ್ಚು. ‘ನನಗೆ ಜ್ವರ, ದೇವರಿಗೆ ಸ್ತೋತ್ರ’ ಅನ್ನುತ್ತಿದ್ದರು ಆಯಿ. ಎರಡಕ್ಕೂ ಚತುರ್ಥಿ, ಎರಡಕ್ಕೂ ಕ್ರಿಯಾಪದವಿಲ್ಲ. ನಡುವೆ ‘ಆದ್ದರಿಂದ’ ಇಲ್ಲ, ‘ಆದರೂ’ ಇಲ್ಲ. ಹಾಸಿಗೆಯ ಮೇಲೆ ಒಂದರ ಪಕ್ಕ ಒಂದು ಮಲಗಿದ ಹಾಗೆ. ಬೈಬಲ್ಲಿನಲ್ಲಿ ಥೆಸಲೊನೀಕದವರಿಗೆ ಬರೆದ ಕಾಗದದಲ್ಲಿ ಅಪೊಸ್ತಲ ಪೌಲ ಕೃತಜ್ಞತೆ ಸಲ್ಲಿಸಿ ಎಂದದ್ದು ‘ಎಲ್ಲದರಲ್ಲಿ’. ಸಪ್ತಮಿ. ಜ್ವರದಲ್ಲಿ ಸ್ತೋತ್ರ ಬೇರೆ, ಜ್ವರಕ್ಕೆ ಸ್ತೋತ್ರ ಬೇರೆ. ಗೋಡೆ ಬಿದ್ದದ್ದಕ್ಕೆ ಆಯಿ ಯಾರನ್ನೂ ಕೊಂಡಾಡಲಿಲ್ಲ. ಬಿದ್ದ ಮಣ್ಣಲ್ಲಿ ನಿಂತು ಹೇಳಿದರು. ಎಫೆಸದವರಿಗೆ ಬರೆದ ಕಾಗದದಲ್ಲಿ ‘ಎಲ್ಲದಕ್ಕೂ’ ಎಂದೂ ಇದೆ, ಅದು ಗೊತ್ತು. ಆದರೂ ನನ್ನ ಮತ ಸಪ್ತಮಿಗೇ.

ಯಾಕೆಂದರೆ ಚತುರ್ಥಿಯ ಕೈಗೆ ಕೋಲು ಬಂದದ್ದನ್ನು ನೋಡಿದ್ದೇನೆ. ಆಯಿಯ ತಮ್ಮ ಹಠಾತ್ತನೆ ತೀರಿಕೊಂಡಾಗ ಮಾತಾಡಿಸಲು ಬಂದವರಲ್ಲಿ ಒಬ್ಬರು, ಮಣ್ಣಾಗಿ ಮೂರು ದಿನವೂ ಆಗಿರಲಿಲ್ಲ, ‘ಇದಕ್ಕೂ ಸ್ತೋತ್ರ ಹೇಳ್ರಿ, ದೇವರ ಚಿತ್ತ’ ಅಂದರು. ಆಯಿ ಎದ್ದು ಅಡುಗೆಮನೆಗೆ ಹೋದರು. ಚಹಾ ಮಾಡಲಿಕ್ಕೆಂದು ಎಲ್ಲರೂ ತಿಳಿದರು. ಚಹಾ ಬರಲಿಲ್ಲ. ತನ್ನ ಬಾಯಿಂದ ತಾನೇ ಬಂದರೆ ನಂಬಿಕೆ. ಇನ್ನೊಬ್ಬರು ಹೇಳಿಸಿದರೆ ಅದು ಬಾಯಿಗಿಟ್ಟ ಬಟ್ಟೆ. ಬೈಬಲ್ಲಿನಲ್ಲಿ ಎಲ್ಲ ಕಳೆದುಕೊಂಡ ಯೋಬನನ್ನು ಸಂತೈಸಲು ಬಂದ ಮೂವರು ಗೆಳೆಯರೂ ಏಳು ದಿನ ಸುಮ್ಮನೆ ನೆಲದ ಮೇಲೆ ಕೂತಿದ್ದಷ್ಟು ಹೊತ್ತು ಸರಿಯಿದ್ದರು, ಮಾತಿಗೆ ಶುರುಮಾಡಿದ ಮೇಲೆ ಕೆಟ್ಟರು. ಬೈಬಲ್ಲಿನ 150 ಕೀರ್ತನೆಗಳಲ್ಲಿ ಗೋಳಾಟಕ್ಕೂ ಧಾರಾಳ ಜಾಗವಿದೆ. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಕೀರ್ತನೆ ಎಂದೇ ಕರೆದರು.

ಆಮೇಲೆ ಬಹಳ ದಿನ ಆಯಿಯ ಬಾಯಲ್ಲಿ ಆ ಪದ ಬರಲಿಲ್ಲ. ಆರಾಮ ಅದೀರಿ ಅಂದರೆ ‘ಹೂಂ’. ನಳ ಬಂದರೆ ‘ನಳ ಬಂದದ’. ಭಾನುವಾರ ಮಾತ್ರ ಬಿಳಿ ಸೀರೆ ಉಟ್ಟು ಚರ್ಚಿಗೆ ಹೋಗುವುದು ತಪ್ಪಲಿಲ್ಲ. ಅಷ್ಟರಲ್ಲಿ ನನಗೆ ವರ್ಗವಾಯಿತು.

ಊರು ಬಿಟ್ಟು ಎರಡು ತಿಂಗಳಿಗೆ ಫೋನ್ ಮಾಡಿದೆ. ಅತ್ತಲಿಂದ ಎತ್ತಿದರು, ಉಸಿರು ಕೇಳಿಸಿತು, ಮಾತಿಲ್ಲ. ಏನು ಹೇಳಬೇಕೋ ತೋಚದೆ, ಅವರ ಮನೆಯ ರೂಢಿ ನಾಲಿಗೆಗೆ ಹತ್ತಿತ್ತಲ್ಲ, ‘ಸ್ತೋತ್ರ ಆಯಿ’ ಅಂದುಬಿಟ್ಟೆ. ಅಂದವನೇ ತುಟಿ ಕಚ್ಚಿಕೊಂಡೆ.

‘ಯಾವ ಸ್ತೋತ್ರಪಾ?’ ಅಂದರು ಆಯಿ. ‘ವಿಷ್ಣೂಂದೋ, ಶಿವಂದೋ?’