ಬಳೆಗಾರ ಗುಂಡಿನ ಲೆಕ್ಕ

ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟವು ಜಟಾಯುವಿನ ಐತಿಹ್ಯದಿಂದ ಪ್ರಸಿದ್ಧವಾದುದು. ಗುಡಿಯ ಮೆಟ್ಟಿಲುಗಳ ಎದುರಿಗೆ ಬಳೆಗಾರ ಗುಂಡು ಎಂಬ ಬಂಡೆಯೊಂದುಂಟು. 1892ರಲ್ಲಿ ಬಿ. ಎಲ್. ರೈಸ್ ಅವರು ಅದರ ಮೇಲೆ ಅಶೋಕನ ಶಾಸನವನ್ನು ಶೋಧಿಸಿದಾಗ, ಜಾತ್ರೆಯ ಬಳೆಗಾರರು ಅಂಗಡಿಯ ಗೂಟಗಳಿಗೆಂದು ತೋಡಿದ ಕುಳಿಗಳು ಅಕ್ಷರಗಳ ನಡುವೆಯೇ ಬಿದ್ದಿದ್ದವು. ಸಮೀಪದ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿಯೂ ಇದೇ ಶಾಸನದ ಪ್ರತಿಗಳು ದೊರೆತವು.

ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಈ ಆಜ್ಞೆ ತನ್ನನ್ನು ‘ಸಾವಣ’ ಎಂದು ಕರೆದುಕೊಳ್ಳುತ್ತದೆ. ಎಂದರೆ, ಜನರ ಕಿವಿಗೆ ಮುಟ್ಟಿಸತಕ್ಕ ಘೋಷಣೆ. ಅದರಲ್ಲಿ 256 ಎಂಬ ಸಂಖ್ಯೆಯೂ ಇದೆ. ಅದು ಪ್ರವಾಸದಲ್ಲಿ ಕಳೆದ ರಾತ್ರಿಗಳ ಲೆಕ್ಕವೆಂದು ಹಲವು ವಿದ್ವಾಂಸರ ಅಭಿಪ್ರಾಯ. ಬ್ರಹ್ಮಗಿರಿಯ ಪ್ರತಿಯಲ್ಲಿ ಇನ್ನೂರಕ್ಕೊಂದು, ಐವತ್ತಕ್ಕೊಂದು, ಆರಕ್ಕೊಂದು ಚಿಹ್ನೆ. ಸೊನ್ನೆಯಿಲ್ಲ, ಸ್ಥಾನಬೆಲೆಯಿಲ್ಲ. ಕನ್ನಡದ ಬಾಯಿ ನುಡಿಯುವ ಕ್ರಮದಲ್ಲಿಯೇ ಕೈ ಬರೆದಿದೆ. ಓದಿ ಹೇಳುವವನಿಗೆ ತಡೆಯಿಲ್ಲ, ಕೇಳುವವನಿಗೆ ಸಂದೇಹವಿಲ್ಲ.

ಸ್ಥಾನಬೆಲೆ ಬಂದ ಮೇಲೂ ನಮ್ಮ ಹಿಂದಿನವರು ಕಿವಿಯನ್ನು ಮರೆಯಲಿಲ್ಲ. 9ನೆಯ ಶತಮಾನದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ, 12ನೆಯ ಶತಮಾನದ ರಾಜಾದಿತ್ಯನು ಕನ್ನಡದಲ್ಲಿ ಗಣಿತವನ್ನು ಪದ್ಯಕ್ಕೆ ಒಗ್ಗಿಸಿದರು. ಭೂತಸಂಖ್ಯೆಯ ಪದ್ಧತಿಯಲ್ಲಿ ಋತುವೆಂದರೆ ಆರು, ಬಾಣವೆಂದರೆ ಐದು, ಕರವೆಂದರೆ ಎರಡು. ಬಿಡಿಸ್ಥಾನದಿಂದ ಎಣಿಸುವುದು ರೂಢಿಯಾದ್ದರಿಂದ ‘ಋತು ಬಾಣ ಕರ’ ಎಂದರೆ ಅದೇ 256.

ತೊಡಕು ಹುಟ್ಟಿದ್ದು ಗಣಿತವು ಕಣ್ಣಿನ ಭಾಷೆಯಾದಾಗ. ತಾವೇ ಒಂದು ಲೆಕ್ಕ ಮಾಡಿ ನೋಡಿ: ಮೂರು ಕೂಡಿಸು ಐದು ಭಾಗಿಸು ಎರಡು. ಉತ್ತರ ನಾಲ್ಕೋ, ಐದೂವರೆಯೋ? ಕಾಗದದ ಮೇಲೆ ಒಂದು ಅಡ್ಡಗೆರೆ ಇದನ್ನು ತೀರ್ಮಾನಿಸುತ್ತದೆ. ಆ ಗೆರೆಗೆ ದನಿಯಿಲ್ಲ.

ಕಣ್ಣಿಲ್ಲದ ವಿದ್ಯಾರ್ಥಿಯ ಕಷ್ಟ ಇಲ್ಲಿಯೇ ಇರುವುದು. ಪರದೆಯ ಬರಹವನ್ನು ಓದಿ ಹೇಳುವ ಗಣಕವು ಕಥೆಯನ್ನು ಸರಾಗವಾಗಿ ಓದುತ್ತದೆ. ಸಮೀಕರಣವನ್ನು ಚಿತ್ರವಾಗಿ ಅಂಟಿಸಿದ್ದರೆ ಮೂಕವಾಗುತ್ತದೆ. ಅಮೆರಿಕದ ಅಂಧ ಗಣಿತಜ್ಞ ಅಬ್ರಹಾಂ ನೆಮೆತ್ 1952ರಲ್ಲಿ ಗಣಿತಕ್ಕೊಂದು ಬ್ರೈಲ್ ಸಂಕೇತವನ್ನು ಪ್ರಕಟಿಸಿದರು. ಭಿನ್ನರಾಶಿಯ ಆರಂಭ, ಮುಕ್ತಾಯಗಳನ್ನು ಮಾತಿನಲ್ಲಿಯೇ ಸೂಚಿಸುವ ಕ್ರಮವನ್ನೂ ರೂಪಿಸಿದರು. ಬಾಲ್ಯದಲ್ಲಿ ದೃಷ್ಟಿ ಕಳೆದುಕೊಂಡ ಭಾರತೀಯ ವಿಜ್ಞಾನಿ ಟಿ. ವಿ. ರಾಮನ್ 1994ರ ತಮ್ಮ ಪ್ರಬಂಧದಲ್ಲಿ, ಘಾತಾಂಕ ಬಂದಾಗ ಸ್ವರವೇ ಮೇಲೇರುವಂಥ ಓದುವ ಯಂತ್ರವನ್ನು ನಿರೂಪಿಸಿದರು. 1998ರಲ್ಲಿ ಮ್ಯಾಥ್‌ಎಂಎಲ್ ಎಂಬ ವಿಶ್ವಮಾನ್ಯ ಕ್ರಮ ಬಂದಿತು. ಅದು ಸಮೀಕರಣದ ರೂಪವನ್ನಷ್ಟೇ ಅಲ್ಲ, ರಚನೆಯನ್ನೂ ಗಣಕಕ್ಕೆ ತಿಳಿಸಬಲ್ಲದು.

ಅಂಧ ವಿದ್ಯಾರ್ಥಿಗಳು ಗಣಿತದ ಬದಲು ಬೇರೆ ವಿಷಯ ತೆಗೆದುಕೊಳ್ಳುವ ವಿನಾಯಿತಿ ನಮ್ಮ ಪರೀಕ್ಷಾ ಮಂಡಲಿಗಳಲ್ಲಿ ಉಂಟು. ಕೊಟ್ಟವರ ಉದ್ದೇಶ ಕರುಣೆಯೇ. ಆದರೆ ಗಣಿತವಿಲ್ಲದೆ ವಿಜ್ಞಾನದ ಬಾಗಿಲು ತೆರೆಯದು, ಕರುಣೆಯೇ ಅಗುಳಿಯಾಗಬಾರದು. ನೆಮೆತ್ ಅವರಿಗೂ ಮೊದಲು ಗಣಿತ ಬೇಡವೆಂದೇ ಹಿರಿಯರು ಹೇಳಿದ್ದರು.

ಕನ್ನಡದಲ್ಲಿ ಸಮೀಕರಣವನ್ನು ಹೇಗೆ ಓದಬೇಕೆಂಬ ಒಪ್ಪಿತ ಕ್ರಮವೊಂದು ಶಾಲೆಶಾಲೆಗೂ ಬೇಕು. ‘ಭಿನ್ನರಾಶಿ ಆರಂಭ, ಮೂರು ಕೂಡಿಸು ಐದು, ಛೇದ ಎರಡು, ಭಿನ್ನರಾಶಿ ಮುಕ್ತಾಯ’ ಎಂದರೆ ಉತ್ತರ ನಾಲ್ಕೇ. ಇಷ್ಟನ್ನು ಹೇಳಲು ಉಪಾಧ್ಯಾಯರಿಗೆ ಯಾವ ಯಂತ್ರವೂ ಬೇಡ. ಕೇಳುವವನೂ ಓದುಗನೇ ಎಂಬುದನ್ನು ಬಳೆಗಾರ ಗುಂಡಿನ ಶಾಸನ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಬಲ್ಲದು.