ಮುಧೋಳ ನಾಯಿ: ಪಾಲನಾಕ್ರಮ

ಇಂದಿನ ಬಾಗಲಕೋಟೆ ಜಿಲ್ಲೆಗೆ ಸೇರಿದ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಆಶ್ರಯದಲ್ಲಿ ಪೋಷಿತವಾಗಿ, 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೂ ಸ್ಥಾನ ಪಡೆದ, ನೀಳಕಾಲಿನ ಕೃಶೋದರದ ಈ ಬೇಟೆನಾಯಿಯ ಪಾಲನೆಯು ಅದರ ವಯಸ್ಸಿಗೂ ದೇಹಪ್ರಕೃತಿಗೂ ಅನುಗುಣವಾಗಿರತಕ್ಕುದು. ಸುಮಾರು 63 ದಿನಗಳ ಗರ್ಭವಾಸಾನಂತರ ಕುರುಡಾಗಿಯೂ ಕಿವುಡಾಗಿಯೂ ಜನಿಸುವ ಮರಿಯು, ಎರಡು ವಾರಗಳ ಹೊತ್ತಿಗೆ ಕಣ್ದೆರೆಯುವವರೆಗೆ ತನ್ನ ಮೈಶಾಖವನ್ನು ತಾನೇ ಕಾಯ್ದುಕೊಳ್ಳಲಾರದಾದುದರಿಂದ, ತಾಯಿಯ ಮಗ್ಗುಲೂ ಮೊದಲ ದಿನದ ಗಿಣ್ಣುಹಾಲೂ ಅದಕ್ಕೆ ಪ್ರಾಣಾಧಾರಗಳು. ನಾಲ್ಕನೆಯ ವಾರದಿಂದ ಮೆತ್ತಗಿನ ಆಹಾರವನ್ನು ರೂಢಿಮಾಡಿಸಿ, ಎಂಟು ವಾರ ತುಂಬುವ ಮುನ್ನ ತಾಯಿಯಿಂದ ಅಗಲಿಸದಿರುವುದು ಲೇಸು. ಮಾರಾಟದ ಆತುರದಿಂದ ಈ ನಿಯಮವನ್ನು ಮುರಿಯುವುದು ಆ ಜೀವಕ್ಕೆ ಬಗೆಯುವ ಅನ್ಯಾಯ. ಆರರಿಂದ ಎಂಟು ವಾರಗಳೊಳಗೆ ಡಿಸ್ಟೆಂಪರ್, ಪಾರ್ವೊ ರೋಗಗಳ ಲಸಿಕೆಯನ್ನು ಮೊದಲುಮಾಡಿ, ಮೂರು ತಿಂಗಳ ಸುಮಾರಿಗೆ ರೇಬೀಸ್ ಲಸಿಕೆ ಹಾಕಿಸಬೇಕು.

ಪ್ರಾಯದ ನಾಯಿಗೆ ಓಟವೇ ಜೀವಿತ. ದೃಷ್ಟಿಬಲದಿಂದ ಬೇಟೆಯನ್ನರಸುವ ಜಾತಿಯಾದುದರಿಂದ, ಚಲಿಸುವುದನ್ನು ಕಂಡೊಡನೆ ಬೆನ್ನಟ್ಟುವ ಇದನ್ನು ಸುಭದ್ರವಾದ ಆವರಣವುಳ್ಳ ವಿಶಾಲ ಬಯಲಿನಲ್ಲಿ ದಿನವೂ ಓಡಗೊಡಬೇಕಲ್ಲದೆ, ನಗರದ ಇಕ್ಕಟ್ಟಿನ ಮನೆಯಲ್ಲಿ ಸರಪಳಿ ಬಿಗಿದು ಇಡತಕ್ಕುದಲ್ಲ. ಕೊಬ್ಬು ವಿರಳವೂ ಚರ್ಮ ತೆಳುವೂ ಆಗಿರುವ ಕಾರಣ ಚಳಿ ಇದನ್ನು ಬೇಗ ಬಾಧಿಸುತ್ತದೆ. ಗಟ್ಟಿನೆಲದಲ್ಲಿ ಮಲಗಿದರೆ ಮೊಣಕೈಗಳು ಜಡ್ಡುಗಟ್ಟುತ್ತವೆ. ಪಕ್ಕೆಲುಬು ಕೊಂಚ ಕಾಣುವುದು ಇದರ ಸಹಜರೂಪವೇ ಹೊರತು ಹಸಿವಿನ ಲಕ್ಷಣವಲ್ಲ.

ಎಂಟೊಂಬತ್ತು ವರ್ಷ ಮೀರಿದ ಬಳಿಕ ಹಲ್ಲು, ಕೀಲು, ಮೂತ್ರಪಿಂಡಗಳು ಕ್ರಮೇಣ ಶಿಥಿಲವಾಗತೊಡಗುವುದರಿಂದ ಮೃದುವಾದ ಆಹಾರ, ಮಿತವಾದ ನಡಿಗೆ, ಆಗಾಗ ವೈದ್ಯಪರೀಕ್ಷೆ ಅವಶ್ಯಕ. ಕಣ್ಣು ಮಬ್ಬಾದ ಮುದಿನಾಯಿಯ ಹಾಸಿಗೆಯನ್ನೂ ನೀರಿನ ಬೋಗುಣಿಯನ್ನೂ ಇದ್ದೆಡೆಯಿಂದ ಕದಲಿಸಬಾರದು.