ಫತ್ ಅಲಿ ಶಾಹನ ಭಾವಚಿತ್ರಗಳು

ಪರ್ಷಿಯಾದ ಕಾಜಾರ್ ವಂಶದ ಎರಡನೆಯ ಅರಸನಾದ ಫತ್ ಅಲಿ ಶಾಹನು 1797ರಿಂದ 1834ರ ವರೆಗೆ ಆಳಿದನು. ಪೂರ್ವದ ಅರಸರ ರೂಪಗಳು ಬಹುಮಟ್ಟಿಗೆ ಹಸ್ತಪ್ರತಿಗಳ ಪುಟಗಳಲ್ಲಿ ಕಿರಿದಾಗಿ ದೊರೆಯುತ್ತವೆ; ಈತನಾದರೋ ಆಳೆತ್ತರದ ತೈಲಚಿತ್ರಗಳನ್ನು ಬರೆಯಿಸಿದನು. ಮಿರ್ಜಾ ಬಾಬಾ, ಮಿಹ್ರ್ ಅಲಿ ಮೊದಲಾದವರು ಆಸ್ಥಾನದ ಚಿತ್ರಕಾರರು.

ನಡುವಿನವರೆಗೆ ಇಳಿದ ಕಪ್ಪು ಗಡ್ಡ, ಸಣ್ಣ ನಡು, ರತ್ನಖಚಿತವಾದ ಕಿರೀಟ ಮತ್ತು ತೋಳ್ಬಂದಿ ಇವು ಆ ಚಿತ್ರಗಳ ಸ್ಥಿರಲಕ್ಷಣಗಳು. ಮಿರ್ಜಾ ಬಾಬಾನ ಒಂದು ಚಿತ್ರ ಈಸ್ಟ್ ಇಂಡಿಯಾ ಕಂಪನಿಗೂ, ಮಿಹ್ರ್ ಅಲಿಯದೆನ್ನಲಾದ ಇನ್ನೊಂದು ನೆಪೋಲಿಯನ್ನನಿಗೂ ಉಡುಗೊರೆಯಾಗಿ ಸಂದವು. ಅರಸನು ಹೋಗದೆಡೆಗೆ ಅವನ ಚಿತ್ರವೇ ರಾಯಭಾರಿಯಾಯಿತು.

1813ರ ಗುಲಿಸ್ತಾನ್, 1828ರ ತುರ್ಕಮಂಚಾಯ್ ಒಪ್ಪಂದಗಳಿಂದ ಕಾಕಸಸ್ ಸೀಮೆ ರಷ್ಯದ ವಶವಾಯಿತು. ಚಿತ್ರದಲ್ಲಾದರೋ ಮುಖ ಮುಪ್ಪಾಗಲಿಲ್ಲ, ಗಡ್ಡ ನರೆಯಲಿಲ್ಲ, ಸೋಲಿನ ಸುಳಿವೂ ಮೂಡಲಿಲ್ಲ.

ಆದುದರಿಂದ ಮುಖದ ಪ್ರಾಯವನ್ನು ನೋಡಿ ಇವುಗಳ ಕಾಲವನ್ನು ನಿರ್ಣಯಿಸುವುದು ಯುಕ್ತವಲ್ಲ. ಅನೇಕ ಚಿತ್ರಗಳಲ್ಲಿ ಅರಸನ ಹೆಸರು, ಚಿತ್ರಕಾರನ ಅಂಕಿತ, ಹಿಜರಿ ವರ್ಷ ಬರೆದಿರುತ್ತವೆ. ಆ ಬರಹವೇ ಪ್ರಮಾಣ. ರೂಪವು ತಿಳಿಸುವುದು ವ್ಯಕ್ತಿಯನ್ನಲ್ಲ, ಅವನು ಏರಿದ ಪದವಿಯನ್ನು. ಕಾಲವನ್ನು ತಿಳಿಸುವುದು ಅಕ್ಷರ.